ಸಂಕೇತದ ಸಾಲಿಗೆ ಓರಣ ಬಂದ ಕಥೆ



2014ರ ಫೆಬ್ರವರಿ 21ರಂದು ಆಪಲ್ ಕಂಪನಿಯು ಐಫೋನುಗಳಿಗಾಗಿ ಒಂದು ತುರ್ತು ತಿದ್ದುಪಡಿಯನ್ನು ಹೊರಡಿಸಿತು. ನಾಲ್ಕು ದಿನಗಳ ತರುವಾಯ ಅದರ ಮೇಜುಗಣಕಗಳಿಗೂ ಅದೇ ತಿದ್ದುಪಡಿ ಬಂದಿತು. ಅಂಥ ಅವಸರವೇನಿತ್ತು? ನೀವು ಜಾಲದಲ್ಲಿ ಒಂದು ಬ್ಯಾಂಕಿನ ತಾಣವನ್ನು ತೆರೆದಾಗ, ಅತ್ತ ಕಡೆ 'ನಾನೇ ಆ ಬ್ಯಾಂಕು' ಎಂದು ಹೇಳಿಕೊಳ್ಳುವ ಗಣಕವು ನಿಜವಾಗಿಯೂ ಬ್ಯಾಂಕಿನದೇ ಹೌದೋ ಅಲ್ಲವೋ ಎಂದು ನಿಮ್ಮ ಯಂತ್ರ ಗುಟ್ಟಾಗಿ ಪರೀಕ್ಷಿಸುತ್ತದೆ. ಆ ಪರೀಕ್ಷೆಯ ಒಂದು ಮುಖ್ಯ ಹಂತ ನಡೆಯುತ್ತಲೇ ಇರಲಿಲ್ಲ. ಅದೇ ವೈಫೈ ಜಾಲದಲ್ಲಿ ಕುಳಿತ ಕಳ್ಳನೊಬ್ಬ ಬ್ಯಾಂಕಿನ ವೇಷ ಹಾಕಿ ನಿಂತರೆ ಯಂತ್ರ ಅವನನ್ನು ನಂಬಿಬಿಡುತ್ತಿತ್ತು. 2012ರಲ್ಲಿ ಬಂದ ಆವೃತ್ತಿಯಿಂದಲೇ ಈ ದೋಷ ಅಲ್ಲಿ ಅಡಗಿ ಕುಳಿತಿತ್ತು.

ದೋಷವೆಂದರೆ ಒಂದೇ ಒಂದು ಸಾಲು. 'ಸಿ' ಭಾಷೆಯಲ್ಲಿದ್ದ ಆ ಭಾಗವನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗೆ ಕಾಣುತ್ತದೆ:

ಈ ಪರೀಕ್ಷೆ ವಿಫಲವಾದರೆ
        ಹೊರಗೆ ಹೋಗು;
        ಹೊರಗೆ ಹೋಗು;
ಮುಂದಿನ ಪರೀಕ್ಷೆ ವಿಫಲವಾದರೆ
        ಹೊರಗೆ ಹೋಗು;

'ಹೊರಗೆ ಹೋಗು' ಹೇಗೋ ಎರಡನೆಯ ಸಲವೂ ಬಿದ್ದಿದೆ. ಕಣ್ಣಿಗೆ ಅದೂ 'ವಿಫಲವಾದರೆ' ಎಂಬ ಷರತ್ತಿನ ಕೆಳಗೇ ಇದ್ದಂತೆ ತೋರುತ್ತದೆ, ಏಕೆಂದರೆ ಅದನ್ನೂ ಅಷ್ಟೇ ಒಳಕ್ಕೆ ಸರಿಸಿ ಬರೆಯಲಾಗಿದೆ. ಆದರೆ 'ಸಿ' ಭಾಷೆಗೆ ಒಳಸರಿಕೆ ಲೆಕ್ಕಕ್ಕೇ ಇಲ್ಲ. ಆವರಣ ಹಾಕದಿದ್ದರೆ ಷರತ್ತು ಮೊದಲಿನ ಒಂದು ಆದೇಶಕ್ಕೆ ಮಾತ್ರ ಅನ್ವಯಿಸುತ್ತದೆ. ಎರಡನೆಯದು ಯಾವ ಷರತ್ತೂ ಇಲ್ಲದೆ ಪ್ರತಿ ಸಲವೂ ನಡೆಯುತ್ತದೆ. ಆದ್ದರಿಂದ ಯಂತ್ರ ಪ್ರತಿ ಸಲವೂ ಅರ್ಧದಲ್ಲೇ ಹೊರಗೆ ಬಂದುಬಿಡುತ್ತಿತ್ತು. ಅಲ್ಲಿಯವರೆಗೆ ಯಾವ ಪರೀಕ್ಷೆಯೂ ವಿಫಲವಾಗಿರಲಿಲ್ಲವಾದ್ದರಿಂದ 'ಎಲ್ಲವೂ ಸರಿಯಿದೆ' ಎಂದೇ ವರದಿ ಒಪ್ಪಿಸುತ್ತಿತ್ತು.

ಕಣ್ಣು ಓದಿದ ಅರ್ಥವೇ ಬೇರೆ, ಯಂತ್ರ ಓದಿದ ಅರ್ಥವೇ ಬೇರೆ. ಗಣಕದ ಬರಹವನ್ನು, ಅಂದರೆ ಸಂಕೇತವನ್ನು, ಹೇಗೆ ಜೋಡಿಸಿ ಬರೆಯಬೇಕು ಎಂಬ ಪ್ರಶ್ನೆ ಬರಿಯ ಅಂದಚೆಂದದ್ದಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇಂದು ತಂತ್ರಾಂಶ ಬರೆಯುವ ಬಹುತೇಕ ತಂಡಗಳು ಒಂದು ಪುಟ್ಟ ಕಡತದಲ್ಲಿ 'ನಮ್ಮ ಬರಹ ಹೀಗಿರಲಿ' ಎಂದು ನಿಯಮ ಬರೆದಿಟ್ಟು, ಅದನ್ನು ಪಾಲಿಸುವ ಕೆಲಸವನ್ನು ಯಂತ್ರಕ್ಕೇ ಬಿಟ್ಟಿವೆ. ಆ ಕಡತ ಬರಲು ಹಿಡಿದ ಕಾಲವನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಇದರಲ್ಲಿ ನನ್ನ ಆಸಕ್ತಿಗೆ ಕಾರಣವೂ ಇದೆ. ದೂರದರ್ಶನದಲ್ಲಿ ನಾವು ಬರೆಯುವ ಸ್ಕ್ರಿಪ್ಟನ್ನು ನೀವು ನೋಡಿರಲಿಕ್ಕಿಲ್ಲ. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಕ್ಯಾಮೆರಾದವರು ಎಡಭಾಗವನ್ನೂ ಧ್ವನಿಯವರು ಬಲಭಾಗವನ್ನೂ ಓಡುಗಣ್ಣಿನಲ್ಲೇ ಹಿಡಿಯುತ್ತಾರೆ. ಹೊಸದಾಗಿ ಸೇರಿದವರೊಬ್ಬರು ಕಥೆಯಂತೆ ಒಂದೇ ಹರಿವಿನಲ್ಲಿ ಬರೆದು ತಂದರೆ, ಬರಹ ಎಷ್ಟೇ ಚೆನ್ನಾಗಿದ್ದರೂ ಸ್ಟುಡಿಯೋ ನೆಲದಲ್ಲಿ ಗೊಂದಲ ತಪ್ಪಿದ್ದಲ್ಲ. ಹಾಗೆ ನೋಡಿದರೆ ನಮ್ಮ ಹಳೆಯ ಶಿಲಾಶಾಸನಗಳಲ್ಲಿ ಪದ ಪದಗಳ ನಡುವೆ ತೆರಪೇ ಇಲ್ಲ. ಕಲ್ಲು ತುಂಬಿದಲ್ಲಿಗೆ ಸಾಲು ಮುಗಿಯಿತು. ಓದುವವನಿಗಾಗಿ ಜಾಗ ಬಿಡುವುದು ಎಲ್ಲ ಬರಹಕ್ಕೂ ತಡವಾಗಿಯೇ ಬಂದ ಗುಣವಿರಬೇಕು.

ಗಣಕದ ಬರಹಕ್ಕೆ ಮೊದಲ ಶಿಸ್ತನ್ನು ಕಲಿಸಿದ್ದು ಮನುಷ್ಯರಲ್ಲ, ರಟ್ಟಿನ ಕಾರ್ಡು. 1928ರಲ್ಲಿ ಐಬಿಎಂ ಸಂಸ್ಥೆ 80 ಕಂಬಸಾಲುಗಳಿದ್ದ ರಂಧ್ರದ ಕಾರ್ಡನ್ನು ತಂದಿತು. ಒಂದು ಕಂಬಸಾಲಿಗೆ ಒಂದು ಅಕ್ಷರ. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ಭಾಷೆಯನ್ನು ರೂಪಿಸಿದಾಗ ಬರಹದ ಜೋಡಣೆಯನ್ನು ಆ ಕಾರ್ಡೇ ನಿರ್ಧರಿಸಿತು. ಮೊದಲ 5 ಕಂಬಸಾಲುಗಳಲ್ಲಿ ಆದೇಶದ ಸಂಖ್ಯೆ. 6ನೆಯದರಲ್ಲಿ ಗುರುತು ಇದ್ದರೆ ಹಿಂದಿನ ಕಾರ್ಡಿನ ಮುಂದುವರಿಕೆ. 7ರಿಂದ 72ರವರೆಗೆ ಆದೇಶ. ಹಾಗಾದರೆ ಉಳಿದ 8 ಕಂಬಸಾಲುಗಳು? 704 ಯಂತ್ರದ ಒಂದು 'ಪದ'ದ ಉದ್ದ 36 ಬಿಟ್. ಕಾರ್ಡಿನ ಒಂದು ಅಡ್ಡಸಾಲನ್ನು ಅದು ಎರಡು ಪದಗಳಾಗಿ, ಅಂದರೆ 72 ಕಂಬಸಾಲುಗಳಷ್ಟೇ ಓದುತ್ತಿತ್ತು. ಉಳಿದ ಜಾಗದಲ್ಲಿ ಜನರು ಕಾರ್ಡಿನ ಕ್ರಮಸಂಖ್ಯೆಯನ್ನು ಕೊರೆದಿಡುತ್ತಿದ್ದರು. ಕೈಜಾರಿ ಕಟ್ಟು ನೆಲಕ್ಕೆ ಬಿದ್ದರೆ ವಿಂಗಡಿಸುವ ಯಂತ್ರಕ್ಕೆ ಹಾಕಿ ಮತ್ತೆ ಕ್ರಮಕ್ಕೆ ತರಬಹುದಲ್ಲ!

ಇಲ್ಲಿ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಕಾರ್ಡು ಹೇಳಿದಂತೆ ಕೇಳಬೇಕು. ಜಗಳ ಶುರುವಾದದ್ದು ಸ್ವಾತಂತ್ರ್ಯ ಬಂದಮೇಲೆ. 1960ರ ಆಲ್ಗಾಲ್ ಭಾಷೆಯಲ್ಲಿ ಸಾಲು ಎಲ್ಲಿ ಮುರಿದರೂ, ಎಷ್ಟು ತೆರಪು ಬಿಟ್ಟರೂ ಅರ್ಥ ಬದಲಾಗುತ್ತಿರಲಿಲ್ಲ. ಆರಂಭ, ಅಂತ್ಯ ಎಂಬ ಎರಡು ಪದಗಳ ನಡುವೆ ಆದೇಶಗಳ ಗುಂಪು ಕುಳಿತುಕೊಳ್ಳುತ್ತಿತ್ತು. ಗುಂಪಿನೊಳಗೆ ಗುಂಪು, ಅದರೊಳಗೆ ಇನ್ನೊಂದು. ಇವುಗಳನ್ನು ಕಣ್ಣಿಗೆ ತೋರಿಸಲು ಒಳಗಿನ ಗುಂಪನ್ನು ಬಲಕ್ಕೆ ಸರಿಸಿ ಬರೆಯುವ ರೂಢಿ ಬೆಳೆಯಿತು. ಇದನ್ನೇ ಇಂಡೆಂಟೇಶನ್ ಎನ್ನುತ್ತಾರೆ. ಎಷ್ಟು ಸರಿಸಬೇಕು? ಎರಡು ತೆರಪೋ, ನಾಲ್ಕೋ, ಎಂಟೋ? ಭಾಷೆ ಏನನ್ನೂ ಹೇಳದ್ದರಿಂದ ಪ್ರತಿಯೊಬ್ಬನೂ ತನಗೆ ತೋಚಿದ್ದನ್ನು ಹೇಳತೊಡಗಿದ.

ಲಿಸ್ಪ್ ಭಾಷೆಯವರಿಗೆ ಈ ಕಷ್ಟ ಎಲ್ಲರಿಗಿಂತ ಹೆಚ್ಚು. ಅದರಲ್ಲಿ ಎಲ್ಲವೂ ಆವರಣದೊಳಗೆ ಆವರಣ. ಹತ್ತು ಸಾಲು ಬರೆಯುವಷ್ಟರಲ್ಲಿ ಯಾವ ಆವರಣ ಯಾವುದರ ಜೋಡಿ ಎಂದು ತಿಳಿಯದೆ ತಲೆ ತಿರುಗುತ್ತದೆ. ಅಮೆರಿಕದ ಎಂಐಟಿಯಲ್ಲಿದ್ದ ಬಿಲ್ ಗಾಸ್ಪರ್ ಎಂಬ ಗಣಿತಪ್ರಿಯ ಸುಮಾರು 1967ರಲ್ಲಿ ಇದಕ್ಕೊಂದು ಉಪಾಯ ಮಾಡಿದ. ಸಂಕೇತವನ್ನು ಓದಿ ಅದನ್ನೇ ಓರಣವಾಗಿ ಮುದ್ರಿಸಿಕೊಡುವ ಇನ್ನೊಂದು ಪ್ರೋಗ್ರಾಮನ್ನು ಬರೆದ. ಅದರ ಹೆಸರು 'ಗ್ರೈಂಡೆಫ್'. ಗ್ರೈಂಡ್ ಎಂದರೆ ಬೀಸುವುದು. ಕಾಳು ಹಾಕಿದರೆ ಹಿಟ್ಟು ಬಂದಂತೆ, ಗಂಟುಗಂಟಾದ ಸಂಕೇತ ಹಾಕಿದರೆ ಹದವಾದ ಸಂಕೇತ ಹೊರಗೆ ಬರುತ್ತಿತ್ತು. ಇಂದಿನ ಎಲ್ಲ ಫಾರ್ಮ್ಯಾಟರುಗಳ ಹಿರಿಯಜ್ಜ ಅದು.

ಈ ಬೀಸುವ ಕೆಲಸ ಹೊರಗಿನಿಂದ ಕಂಡಷ್ಟು ಸುಲಭವಲ್ಲ. ಒಂದು ಉದ್ದನೆಯ ಆದೇಶವಿದೆ, ಹಾಳೆಯ ಅಗಲ 80 ಅಕ್ಷರ ಎಂದುಕೊಳ್ಳಿ. ಎಲ್ಲಿ ಮುರಿಯಬೇಕು? ಮೊದಲ ಸಾಲನ್ನು ತುಂಬ ತುಂಬಿಸಿದರೆ ಎರಡನೆಯದು ಇಕ್ಕಟ್ಟಾಗಬಹುದು. ಎಲ್ಲ ಸಾಧ್ಯತೆಗಳನ್ನೂ ಎಣಿಸುತ್ತ ಹೋದರೆ ಹೊತ್ತು ಮುಗಿಯದು. 1980ರಲ್ಲಿ ಡೆರೆಕ್ ಆಪನ್ ಎಂಬಾತ ಪ್ರಕಟಿಸಿದ ಪ್ರಬಂಧ ಇದಕ್ಕೊಂದು ದಾರಿ ತೋರಿತು. ಬರಹವನ್ನು ಒಂದರೊಳಗೊಂದು ಕೂತ ಪೆಟ್ಟಿಗೆಗಳೆಂದು ತಿಳಿಯಿರಿ. ಪ್ರತಿ ಪೆಟ್ಟಿಗೆಯಲ್ಲಿ 'ಬೇಕಿದ್ದರೆ ಇಲ್ಲಿ ಮುರಿಯಬಹುದು' ಎಂಬ ಗುರುತುಗಳಿರುತ್ತವೆ. ಪೆಟ್ಟಿಗೆ ಇಡಿಯಾಗಿ ಸಾಲಿನಲ್ಲಿ ಹಿಡಿದರೆ ಸರಿ, ಹಿಡಿಯದಿದ್ದರೆ ಮಾತ್ರ ಗುರುತಿದ್ದಲ್ಲಿ ಮುರಿ. ಇದನ್ನು ನಿರ್ಧರಿಸಲು ಒಂದು ಸಾಲಿನ ಅಗಲದಷ್ಟು ಮುಂದೆ ನೋಡಿದರೆ ಸಾಕು ಎಂಬುದು ಆಪನ್ ಕಂಡುಕೊಂಡ ಸೂಕ್ಷ್ಮ. ಹಾಗಾಗಿ ಬರಹ ಇಮ್ಮಡಿಯಾದರೆ ಕಾಲವೂ ಇಮ್ಮಡಿ, ಅದಕ್ಕಿಂತ ಹೆಚ್ಚಿಲ್ಲ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಇತ್ತ ಬೆಲ್ ಪ್ರಯೋಗಾಲಯದಲ್ಲಿ 'ಸಿ' ಭಾಷೆ ಹುಟ್ಟಿತು. ಆರಂಭ, ಅಂತ್ಯ ಎಂಬ ಪದಗಳ ಬದಲು ನಿಮ್ಮ ಗಣಿತ ಪುಸ್ತಕದ ಪುಷ್ಪಾವರಣ ಬಂದಿತು. ತೆರೆಯುವ ಆವರಣವನ್ನು ಅದೇ ಸಾಲಿನ ಕೊನೆಯಲ್ಲಿ ಇಡಬೇಕೋ, ಮುಂದಿನ ಸಾಲಿನಲ್ಲಿ ಒಂಟಿಯಾಗಿ ಇಡಬೇಕೋ? ನಗಬೇಡಿ, ಈ ಒಂದು ಪ್ರಶ್ನೆಯ ಮೇಲೆ ದಶಕಗಟ್ಟಲೆ ಕಾಳಗ ನಡೆದಿದೆ. ಕರ್ನಿಗನ್ ಮತ್ತು ರಿಚಿ 1978ರಲ್ಲಿ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಒಂದು ರೀತಿಯನ್ನು ಅನುಸರಿಸಿದರು. ಆವರಣದ ಸ್ಥಾನ ಅಂಥ ದೊಡ್ಡ ವಿಷಯವಲ್ಲ, ಒಂದು ರೀತಿಯನ್ನು ಆರಿಸಿ ಕೊನೆಯವರೆಗೆ ಅದನ್ನೇ ಪಾಲಿಸಿ ಎಂಬ ಅರ್ಥದ ಮಾತನ್ನೂ ಹೇಳಿದರು. ಬರ್ಕ್ಲಿಯ ಎರಿಕ್ ಆಲ್ಮನ್ ಇನ್ನೊಂದು ರೀತಿಯನ್ನು ಹಿಡಿದ, ಅದಕ್ಕೆ ಅವನ ಹೆಸರೇ ಉಳಿಯಿತು. ಬೆಲ್ ಪ್ರಯೋಗಾಲಯದ ಒಂದು ಶಾಖೆಯಿಂದ 'ಇಂಡಿಯನ್ ಹಿಲ್' ಎಂಬ ಶೈಲಿಯ ಕೈಪಿಡಿಯೂ ಹೊರಬಿತ್ತು. ಹೆಸರು ನೋಡಿ ಹೆಮ್ಮೆಪಟ್ಟುಕೊಳ್ಳಬೇಡಿ, ಆ ಇಂಡಿಯನ್ ಹಿಲ್ ಇರುವುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ.

ಅದೇ ಇಲಿನಾಯ್ ರಾಜ್ಯದ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ 'ಇಂಡೆಂಟ್' ಎಂಬ ಸಲಕರಣೆ ತಯಾರಾಯಿತು. ಮುಂದೆ ಅದು ಬರ್ಕ್ಲಿಯ ಯೂನಿಕ್ಸ್ ಜೊತೆ ಹೋಗಿ ಎಲ್ಲೆಡೆ ಹರಡಿತು. 'ಸಿ' ಬರಹವನ್ನು ಅದಕ್ಕೆ ಕೊಟ್ಟರೆ ಒಪ್ಪವಾಗಿ ಜೋಡಿಸಿ ಕೊಡುತ್ತಿತ್ತು. ಆದರೆ ಹೇಗೆ ಜೋಡಿಸಬೇಕು ಎಂದು ನೀವು ಹೇಳಬೇಕು. ಅದಕ್ಕಾಗಿ ಡಜನುಗಟ್ಟಲೆ ಆಯ್ಕೆಗಳು. ಪ್ರತಿ ಸಲ ಅವನ್ನೆಲ್ಲ ಟೈಪು ಮಾಡಲಾಗದೆಂದು 'ಡಾಟ್ ಇಂಡೆಂಟ್ ಡಾಟ್ ಪ್ರೊ' ಎಂಬ ಪುಟ್ಟ ಕಡತದಲ್ಲಿ ಬರೆದಿಡುವ ಅನುಕೂಲವನ್ನು ಕೊಟ್ಟರು. ಈ ಕಡತವನ್ನು ನಿಮ್ಮ ಸ್ವಂತ ಕೋಶದಲ್ಲಿ ಇಟ್ಟರೆ ಅದು ನಿಮ್ಮ ಇಷ್ಟ. ಕೆಲಸ ನಡೆಯುವ ಕೋಶದಲ್ಲೇ ಇಟ್ಟರೆ ಅಲ್ಲಿ ಕೆಲಸ ಮಾಡುವ ಎಲ್ಲರ ನಿಯಮ. ನಮ್ಮ ಕಥೆಯ ತಿರುವು ಇದೇ. ನಿಯಮದ ಕಡತ ಒಬ್ಬನ ಮನೆಯಿಂದ ಎದ್ದು ಎಲ್ಲರೂ ಸೇರುವ ಚಾವಡಿಗೆ ಬಂದಿತು.

ಅದೇ 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಉಪಕರಣವನ್ನು ರಚಿಸಿದ. ಅದರ ಕಡತದಲ್ಲಿ ಆದೇಶದ ಸಾಲು ಟ್ಯಾಬ್ ಕೀಲಿಯಿಂದಲೇ ಆರಂಭವಾಗಬೇಕು, ತೆರಪು ಹಾಕಿದರೆ ನಡೆಯದು. ಎರಡೂ ಕಣ್ಣಿಗೆ ಒಂದೇ! ಇದು ತಪ್ಪೆಂದು ಅವನಿಗೆ ಬೇಗನೆ ಹೊಳೆಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರು, ಅವರಿಗೆ ತೊಂದರೆ ಏಕೆಂದು ಹಾಗೇ ಬಿಟ್ಟೆ ಎಂದು ಅವನೇ ಹೇಳಿಕೊಂಡಿದ್ದಾನೆ. ಹನ್ನೆರಡು ಜನರ ಮುಲಾಜಿಗೆ ಬಿದ್ದು ಬಿಟ್ಟ ಆ ಟ್ಯಾಬು ಇಂದಿಗೂ ಲಕ್ಷಾಂತರ ಮಂದಿಯನ್ನು ಕಾಡುತ್ತಿದೆ.

ಕಾಣದ ಅಕ್ಷರಗಳ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ನಿಮ್ಮ ಊರಿನಲ್ಲಿ ಹಿಂದೆ ಟೈಪಿಂಗ್ ಶಾಲೆ ಇದ್ದಿರಬಹುದು. ಬೆರಳಚ್ಚು ಯಂತ್ರದಲ್ಲಿ ಸಾಲು ಮುಗಿದಾಗ ಗಾಡಿಯನ್ನು ಎಡತುದಿಯಿಂದ ಮತ್ತೆ ಶುರುವಾಗುವಂತೆ ತಳ್ಳಬೇಕು, ಕಾಗದವನ್ನು ಒಂದು ಸಾಲು ಮೇಲಕ್ಕೆ ಏರಿಸಬೇಕು. ಎರಡು ಬೇರೆ ಕೆಲಸಗಳು. ದೂರಮುದ್ರಕಗಳಲ್ಲೂ ಇವಕ್ಕೆ ಎರಡು ಬೇರೆ ಸಂಕೇತಗಳಿದ್ದವು. ಆಸ್ಕಿ ಪಟ್ಟಿಯಲ್ಲಿ 13 ಮತ್ತು 10. ಯೂನಿಕ್ಸ್ ಒಂದೇ ಸಾಕೆಂದು 10ನ್ನು ಉಳಿಸಿಕೊಂಡಿತು. ಡಾಸ್ ಮತ್ತು ಅದರ ಹಿಂದೆ ಬಂದ ವಿಂಡೋಸ್ ಎರಡನ್ನೂ ಇಟ್ಟುಕೊಂಡವು. ಹಾಗಾಗಿ ನೀವು ವಿಂಡೋಸಿನಲ್ಲಿ ಬರೆದ ಕಡತವನ್ನು ನಿಮ್ಮ ಗೆಳತಿ ಲಿನಕ್ಸಿನಲ್ಲಿ ತೆರೆದು ಉಳಿಸಿದರೆ, ಒಂದಕ್ಷರ ತಿದ್ದದಿದ್ದರೂ ಪ್ರತಿಯೊಂದು ಸಾಲೂ ಬದಲಾದಂತೆ ಗಣಕ ತೋರಿಸಬಹುದು.

'ತೋರಿಸಿದರೆ ತೋರಿಸಲಿ, ನಷ್ಟವೇನು?' ಎಂದು ಕೇಳುತ್ತೀರಿ. ನಷ್ಟವೇನೆಂದು ನಾನು ಅನುಭವಿಸಿಯೇ ತಿಳಿದೆ. ನನ್ನ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಾವು ಮೂವರು ಗೆಳೆಯರು ಸೇರಿ ಟರ್ಬೋ ಸಿ ತಂತ್ರಾಂಶದಲ್ಲಿ ಬ್ಯಾಂಕ್ ಖಾತೆಯ ಲೆಕ್ಕದ ಪ್ರೋಗ್ರಾಮನ್ನು ಬರೆದೆವು. ನೀಲಿ ಪರದೆ, ಹಳದಿ ಅಕ್ಷರ. ಪ್ರಯೋಗಾಲಯದಲ್ಲಿ ಸಿಗುತ್ತಿದ್ದುದು ವಾರಕ್ಕೆ ಎರಡು ಗಂಟೆ. ಕಡತ ಫ್ಲಾಪಿಯಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಒಬ್ಬ ಗೆಳೆಯ ಬಡ್ಡಿಯ ಲೆಕ್ಕದಲ್ಲಿದ್ದ ಒಂದು ತಪ್ಪನ್ನು ತಿದ್ದಿದ. ಅದೇ ಸಂಜೆ, ಅದು ತಿಳಿಯದೆ, ನಾನು ನನ್ನ ಪ್ರತಿಯನ್ನು ತೆಗೆದುಕೊಂಡು ಎಂಟು ತೆರಪಿದ್ದದ್ದನ್ನೆಲ್ಲ ನಾಲ್ಕು ಮಾಡಿ, ಆವರಣಗಳನ್ನು ನನಗೆ ಬೇಕಾದಂತೆ ಕೂರಿಸಿ 'ಚೆಂದ' ಮಾಡಿದೆ. ಮರುದಿನ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಎಲ್ಲ ಸಾಲೂ ಬೇರೆ ಬೇರೆ. ಅವನು ತಿದ್ದಿದ ಒಂದು ಸಾಲು ಆ ನೂರಾರು ಸಾಲುಗಳಲ್ಲಿ ಎಲ್ಲಿ ಅಡಗಿದೆಯೆಂದು ಹುಡುಕಲು ಹೊತ್ತಿರಲಿಲ್ಲ. ಚೆಂದವಾಗಿದ್ದ ನನ್ನ ಪ್ರತಿಯನ್ನೇ ಒಪ್ಪಿಸಿದೆವು. ಹೊರಗಿನಿಂದ ಬಂದ ಪರೀಕ್ಷಕರು ಠೇವಣಿ ಹಣ ಹಾಕಿ ಬಡ್ಡಿ ಕೇಳಿದರು. ಯಂತ್ರ ಬಡ್ಡಿಯನ್ನು ಕೂಡುವ ಬದಲು ಕಳೆದು ತೋರಿಸಿತು. ಗೆಳೆಯ ನನ್ನ ಮುಖ ನೋಡಿದ. ಅಂಕಗಳು ಮೂವರಿಗೂ ಸಮನಾಗಿ ಹೋದವು.

ದೊಡ್ಡ ತಂಡಗಳಲ್ಲಿ ನಡೆಯುವುದೂ ಇದೇ, ಪ್ರಮಾಣ ಮಾತ್ರ ದೊಡ್ಡದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕವಿಟ್ಟುಕೊಂಡು ಕೆಲಸ ಆರಂಭಿಸಿತು. ಅಲ್ಲಿಂದ ಮುಂದೆ ಬೆಂಗಳೂರಿನಲ್ಲಿ ಹಗಲು ಬರೆದದ್ದನ್ನು ಇನ್ನೊಂದು ಖಂಡದವರು ಅವರ ಹಗಲಿನಲ್ಲಿ ಓದುವುದು ನಮ್ಮ ಊರಿನ ದಿನಚರಿಯೇ ಆಯಿತು. ಓದುವವನು ಪಕ್ಕದ ಮೇಜಿನಲ್ಲಿದ್ದರೆ 'ಇದೇನಯ್ಯಾ?' ಎಂದು ಕೇಳಬಹುದು. ಸಮುದ್ರದಾಚೆ ಇರುವವನಿಗೆ ಬರಹವೇ ಎಲ್ಲವನ್ನೂ ಹೇಳಬೇಕು.

ಹಾಗಾದರೆ ಒಳಸರಿಕೆ ಓದಲು ನಿಜಕ್ಕೂ ನೆರವಾಗುತ್ತದೆಯೇ, ಅಥವಾ ನಮ್ಮ ಭ್ರಮೆಯೇ? 1983ರಲ್ಲಿ ಬೆನ್ ಶ್ನೈಡರ್‌ಮನ್ ಮತ್ತು ಸಹೋದ್ಯೋಗಿಗಳು ಇದನ್ನೇ ಪ್ರಯೋಗ ಮಾಡಿ ನೋಡಿದರು. ಎರಡರಿಂದ ನಾಲ್ಕು ತೆರಪು ಒಳಸರಿಸಿದಾಗ ಓದುಗರು ಚೆನ್ನಾಗಿ ಅರ್ಥಮಾಡಿಕೊಂಡರೆಂದು ಅವರ ಪ್ರಬಂಧ ಹೇಳಿತು. ಆದರೆ ಪ್ರಬಂಧಗಳಿಂದ ಜಗಳ ನಿಲ್ಲುವುದುಂಟೇ! ಲಿನಕ್ಸಿನ ಲೀನಸ್ ಟೊರ್ವಾಲ್ಡ್ಸ್ ತನ್ನ ಶೈಲಿಯ ಕೈಪಿಡಿಯಲ್ಲಿ ಎಂಟು ಅಕ್ಷರದ ಟ್ಯಾಬೇ ಆಗಬೇಕೆಂದು ಪಟ್ಟುಹಿಡಿದ. ಎದುರು ಪಕ್ಷವಾದ ಗ್ನೂ ಸಂಸ್ಥೆಯ ಕೈಪಿಡಿಯನ್ನು ಮುದ್ರಿಸಿಕೊಂಡು, ಓದದೆ ಸುಟ್ಟುಬಿಡಿ ಎಂಬ ತಮಾಷೆಯ ಸಲಹೆಯನ್ನೂ ಕೊಟ್ಟ. 1991ರಲ್ಲಿ ಹೊರಬಂದ ಪೈಥಾನ್ ಭಾಷೆ ಬೇರೆಯೇ ದಾರಿ ಹಿಡಿಯಿತು. ಗೀಡೋ ವ್ಯಾನ್ ರೋಸಮ್ ಅದರಲ್ಲಿ ಒಳಸರಿಕೆಯನ್ನೇ ವ್ಯಾಕರಣ ಮಾಡಿದ. ಕಣ್ಣಿಗೆ ಒಳಗಿದ್ದಂತೆ ಕಂಡರೆ ಯಂತ್ರಕ್ಕೂ ಒಳಗೇ. ಆಪಲ್ಲಿನಲ್ಲಿ ಆದ ಬಗೆಯ ತಪ್ಪಿಗೆ ಅಲ್ಲಿ ಎಡೆಯೇ ಇಲ್ಲ. ಆದರೂ ಪೈಥಾನಿನವರಿಗೂ ಜಗಳ ತಪ್ಪಲಿಲ್ಲ, 2001ರಲ್ಲಿ 'ಪೆಪ್ 8' ಎಂಬ ಕೈಪಿಡಿ ಬರೆಯಬೇಕಾಯಿತು. ನಾಲ್ಕು ತೆರಪು, ಸಾಲಿಗೆ 79 ಅಕ್ಷರ.

ಕೈಪಿಡಿಗಳ ಸಮಸ್ಯೆ ಒಂದೇ. ಅವನ್ನು ಮನುಷ್ಯರು ಓದಬೇಕು, ನೆನಪಿಡಬೇಕು, ಇನ್ನೊಬ್ಬರ ತಪ್ಪನ್ನು ಎತ್ತಿ ಆಡಬೇಕು. ಸಹೋದ್ಯೋಗಿಯ ಬರಹವನ್ನು ಪರಿಶೀಲಿಸಲು ಕುಳಿತವನು ತರ್ಕದ ದೋಷವನ್ನು ಹುಡುಕುವುದು ಬಿಟ್ಟು 'ಇಲ್ಲೊಂದು ತೆರಪು ಹೆಚ್ಚಾಗಿದೆ' ಎಂದು ಬರೆಯುತ್ತ ಕೂರುತ್ತಾನೆ. ಕಿರಿಯರಿಗೆ ಇದರಿಂದ ಮನಸ್ಸು ನೋಯುತ್ತದೆ ಎಂಬುದನ್ನೂ ಮರೆಯಬಾರದು.

2009ರ ನವೆಂಬರಿನಲ್ಲಿ ಗೂಗಲ್ ಸಂಸ್ಥೆ 'ಗೋ' ಭಾಷೆಯನ್ನು ಹೊರತಂದಾಗ ಈ ಗಂಟನ್ನು ಬಿಡಿಸುವ ಬದಲು ಕತ್ತರಿಸಿಯೇ ಹಾಕಿತು. ಭಾಷೆಯ ಜೊತೆಗೇ 'ಗೋಫಮ್ಟ್' ಎಂಬ ಫಾರ್ಮ್ಯಾಟರ್ ಬಂದಿತು. ಬರೆದವನು ರಾಬರ್ಟ್ ಗ್ರೀಸಿಮರ್. ಎಷ್ಟು ಒಳಸರಿಸಬೇಕು, ಆವರಣ ಎಲ್ಲಿಡಬೇಕು ಎಂದು ಕೇಳುವ ಆಯ್ಕೆಗಳೇ ಅದರಲ್ಲಿಲ್ಲ. ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬನಾದ ರಾಬ್ ಪೈಕ್ ಒಂದು ಭಾಷಣದಲ್ಲಿ ಇದರ ಸ್ವಾರಸ್ಯವನ್ನು ಹೇಳಿದ್ದಾನೆ: ಆ ಶೈಲಿ ಯಾರಿಗೂ ಅಚ್ಚುಮೆಚ್ಚಲ್ಲ, ಆದರೆ ಆ ಸಲಕರಣೆ ಎಲ್ಲರಿಗೂ ಅಚ್ಚುಮೆಚ್ಚು ಎಂಬುದು ಅವನ ಮಾತಿನ ಸಾರ. ಎಲ್ಲ ಗೋ ಬರಹವೂ ಒಂದೇ ರೂಪದಲ್ಲಿ ಇದ್ದುದರಿಂದ ಇನ್ನೊಂದು ಲಾಭವೂ ಆಯಿತು. ಭಾಷೆ ಬದಲಾದಾಗ ಹಳೆಯ ಸಂಕೇತವನ್ನು ಯಂತ್ರವೇ ತಿದ್ದಿ ಕೊಡಬಹುದಾಯಿತು. ತಿದ್ದಿದ ಸಾಲು ಮನುಷ್ಯ ಬರೆದ ಸಾಲಿನಂತೆಯೇ ಕಾಣುತ್ತಿತ್ತು.

ಮುಂದಿನದು ಬೇಗ ಬೇಗ ನಡೆಯಿತು. ಸಿ ಮತ್ತು ಸಿ++ ಭಾಷೆಗಳಿಗೆ 'ಕ್ಲ್ಯಾಂಗ್ ಫಾರ್ಮ್ಯಾಟ್' ಬಂದಿತು. ಸಾಲನ್ನು ಮುರಿಯುವ ಪ್ರತಿ ಜಾಗಕ್ಕೂ ಅದು ಒಂದು ದಂಡ ನಿಗದಿ ಮಾಡಿ, ಒಟ್ಟು ದಂಡ ಅತಿ ಕಡಿಮೆಯಾಗುವ ದಾರಿಯನ್ನು ಹುಡುಕುತ್ತದೆ. ಪುಸ್ತಕದ ಪುಟ ಜೋಡಿಸಲು ಡೊನಾಲ್ಡ್ ಕನೂತ್ ತನ್ನ 'ಟೆಕ್' ತಂತ್ರಾಂಶದಲ್ಲಿ ಬಳಸಿದ ಯುಕ್ತಿಯ ಜಾತಿಯದೇ ಇದು. ಜಾವಾಸ್ಕ್ರಿಪ್ಟಿಗಾಗಿ 2017ರ ಜನವರಿಯಲ್ಲಿ ಜೇಮ್ಸ್ ಲಾಂಗ್ 'ಪ್ರಿಟಿಯರ್' ತಂದ. ಪೈಥಾನಿಗಾಗಿ 2018ರಲ್ಲಿ ಪೋಲೆಂಡ್ ಮೂಲದ ಲೂಕಾಷ್ ಲಾಂಗಾ 'ಬ್ಲ್ಯಾಕ್' ತಂದ. ಕಪ್ಪು ಬಣ್ಣ ಒಂದೇ ಆದರೆ ಯಾವ ಬಣ್ಣವನ್ನು ಬೇಕಾದರೂ ಆರಿಸಿಕೊಳ್ಳಿ ಎಂದು ಹೆನ್ರಿ ಫೋರ್ಡ್ ತನ್ನ ಕಾರಿನ ಬಗ್ಗೆ ಹೇಳಿದನೆಂಬ ಹಳೆಯ ಮಾತು ಆ ಹೆಸರಿನ ಹಿಂದಿದೆ. ಆಪಲ್ ಪ್ರಕರಣದ ಪಾಠವೂ ವ್ಯರ್ಥವಾಗಲಿಲ್ಲ. 2016ರಲ್ಲಿ ಬಂದ ಜಿಸಿಸಿ ಅನುವಾದಕದ 6ನೆಯ ಆವೃತ್ತಿ, ಒಳಸರಿಕೆ ಕಣ್ಣಿಗೆ ಮೋಸ ಮಾಡುವಂತಿದ್ದರೆ ಎಚ್ಚರಿಕೆ ಕೊಡತೊಡಗಿತು.

ಇವುಗಳ ನಡುವೆ ನಿಮಗೆ ಕೂಡಲೇ ಉಪಯೋಗಕ್ಕೆ ಬರುವುದು 'ಎಡಿಟರ್‌ಕಾನ್ಫಿಗ್'. ಯಾವುದೋ ಒಂದು ಭಾಷೆಗೆ, ಒಂದು ಬರೆಯುವ ತಂತ್ರಾಂಶಕ್ಕೆ ಕಟ್ಟುಬೀಳದೆ ಎಲ್ಲರೂ ಒಪ್ಪಬಹುದಾದ ಕೆಲವೇ ಸಂಗತಿಗಳನ್ನು ಅದು ಹೇಳುತ್ತದೆ. ಟ್ಯಾಬೋ ತೆರಪೋ, ತೆರಪಾದರೆ ಎಷ್ಟು, ಸಾಲಿನ ಕೊನೆ ಯಾವ ಬಗೆಯದು, ಲಿಪಿಸಂಕೇತ ಯಾವುದು, ಸಾಲಿನ ತುದಿಯಲ್ಲಿ ಉಳಿದ ತೆರಪನ್ನು ಕಿತ್ತುಹಾಕಬೇಕೋ ಬೇಡವೋ. ಯೋಜನೆಯ ಮೇಲಿನ ಕೋಶದಲ್ಲಿ 'ಡಾಟ್ ಎಡಿಟರ್‌ಕಾನ್ಫಿಗ್' ಎಂಬ ಹೆಸರಿನ ಕಡತವನ್ನು ಇಡುತ್ತೀರಿ. ನೀವು ಒಳಗಿನ ಯಾವುದೋ ಕಡತವನ್ನು ತೆರೆದಾಗ ತಂತ್ರಾಂಶವು ಆ ಕೋಶದಿಂದ ಒಂದೊಂದೇ ಮೆಟ್ಟಿಲು ಮೇಲೇರುತ್ತ ಈ ನಿಯಮದ ಕಡತವನ್ನು ಹುಡುಕುತ್ತದೆ. 'ಇದೇ ಬೇರು' ಎಂಬ ಘೋಷಣೆ ಇರುವ ಕಡತ ಸಿಕ್ಕಿದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಟಿಪ್ಪಣಿ ಬರೆಯುವವರು ಲಿಪಿಸಂಕೇತವನ್ನು ಯುಟಿಎಫ್-8 ಎಂದು ಇದರಲ್ಲಿ ನಮೂದಿಸಲು ಮರೆಯಬೇಡಿ, ಇಲ್ಲವಾದರೆ ಗೆಳೆಯನ ಗಣಕದಲ್ಲಿ ನಿಮ್ಮ ಕನ್ನಡ ಚೌಕಗಳಾಗಿಯೋ ಪ್ರಶ್ನಾರ್ಥಕಗಳಾಗಿಯೋ ಕಾಣಬಹುದು.

ಹೊಸ ಯೋಜನೆಯಾದರೆ ಮೊದಲ ದಿನವೇ ಈ ಕಡತವನ್ನೂ ಒಂದು ಫಾರ್ಮ್ಯಾಟರಿನ ನಿಯಮವನ್ನೂ ಇಟ್ಟುಬಿಡಿ, ಕೆಲಸ ಮುಗಿಯಿತು. ಕಷ್ಟ ಇರುವುದು ಹಳೆಯ ಯೋಜನೆಯಲ್ಲಿ. ಹತ್ತು ವರ್ಷದ ಬರಹವನ್ನು ಒಮ್ಮೆಲೇ ಓರಣ ಮಾಡಿದರೆ ಪ್ರತಿ ಸಾಲಿನ ಇತಿಹಾಸದಲ್ಲೂ ಕೊನೆಗೆ ಮುಟ್ಟಿದವರು ನೀವೇ ಆಗಿಬಿಡುತ್ತೀರಿ. ಈ ಸಾಲನ್ನು ಯಾರು, ಯಾವಾಗ, ಯಾಕೆ ಬರೆದರೆಂದು ತಿಳಿಯುವ ದಾರಿ ಮಸುಕಾಗುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಯೋಚಿಸಿ ನೋಡಿ. ಶಾಸನವನ್ನು ಸ್ವಚ್ಛ ಮಾಡುವ ಭರದಲ್ಲಿ ಕೆತ್ತಿದವನ ಹೆಸರನ್ನೇ ಒರೆಸಿದಂತೆ. ಬಹುಕಾಲ ಅನೇಕ ತಂಡಗಳು ಇದೊಂದೇ ಕಾರಣಕ್ಕೆ ಹಿಂಜರಿದವು, ಆ ಹಿಂಜರಿಕೆ ತಪ್ಪೆಂದು ನಾನು ಹೇಳಲಾರೆ. 2019ರ ಆಗಸ್ಟಿನಲ್ಲಿ ಬಂದ 'ಗಿಟ್' ತಂತ್ರಾಂಶದ 2.23ನೆಯ ಆವೃತ್ತಿ ಇದಕ್ಕೆ ಪರಿಹಾರ ಕೊಟ್ಟಿತು. ಬರಿಯ ಓರಣದ ಬದಲಾವಣೆಯನ್ನು ಬೇರೆ ಯಾವ ತಿದ್ದುಪಡಿಯೊಂದಿಗೂ ಬೆರೆಸದೆ ಒಂದೇ ಕಂತಿನಲ್ಲಿ ಮಾಡಿ, ಆ ಕಂತಿನ ಗುರುತನ್ನು ಒಂದು ಪಟ್ಟಿಯಲ್ಲಿ ಬರೆದಿಡುವುದು. ಇತಿಹಾಸ ಕೇಳಿದಾಗ ಗಿಟ್ ಪಟ್ಟಿಯಲ್ಲಿರುವ ಕಂತನ್ನು ದಾಟಿ ಹಿಂದೆ ಹೋಗಿ ನಿಜವಾದ ಲೇಖಕನ ಹೆಸರನ್ನು ಹೇಳುತ್ತದೆ.

ನಿಯಮ ಇಟ್ಟಮೇಲೆ ಅದನ್ನು ಪಾಲಿಸಿದ್ದಾರೆಯೇ ಎಂದು ಕಾಯುವವನೂ ಯಂತ್ರವೇ ಆಗಿರಲಿ. ಬರಹವನ್ನು ಎಲ್ಲರ ಕೋಶಕ್ಕೆ ಸೇರಿಸುವ ಮುನ್ನ ಫಾರ್ಮ್ಯಾಟರನ್ನು ತಾನಾಗಿ ಓಡಿಸುವಂತೆ ಏರ್ಪಾಡು ಮಾಡಬಹುದು. ಎಲ್ಲರೂ ಫಾರ್ಮ್ಯಾಟರಿನ ಒಂದೇ ಆವೃತ್ತಿಯನ್ನು ಬಳಸುವಂತೆ ಅದರ ಸಂಖ್ಯೆಯನ್ನೂ ನಮೂದಿಸಿಡಬೇಕು. ಆವೃತ್ತಿ ಬದಲಾದರೆ ಅದರ ಅಭಿರುಚಿಯೂ ಕೊಂಚ ಬದಲಾಗುತ್ತದೆ, ಹಳೆಯ ಜಗಳ ಹೊಸ ವೇಷದಲ್ಲಿ ಬರುತ್ತದೆ. ಇನ್ನು ಎಷ್ಟು ಆಯ್ಕೆಗಳನ್ನು ನಿಯಮದ ಕಡತದಲ್ಲಿ ತುಂಬಬೇಕು ಎಂಬುದು. ಕ್ಲ್ಯಾಂಗ್ ಫಾರ್ಮ್ಯಾಟಿನಲ್ಲಿ ನೂರಕ್ಕೂ ಹೆಚ್ಚು ತಿರುಗುಗುಂಡಿಗಳಿವೆ. ಅವನ್ನೆಲ್ಲ ತಿರುಗಿಸುತ್ತ ಕೂತರೆ ವಾದ ಬರಹದಿಂದ ಕಡತಕ್ಕೆ ಸ್ಥಳಾಂತರವಾಯಿತೇ ಹೊರತು ಮುಗಿಯಲಿಲ್ಲ. ಯಾವುದಾದರೂ ಸಿದ್ಧ ಶೈಲಿಯನ್ನು ಹೆಸರಿಸಿ, ತೀರ ಬೇಕಾದ ಒಂದೆರಡನ್ನು ಮಾತ್ರ ಬದಲಿಸುವುದು ನನಗೆ ಸರಿ ಕಾಣುತ್ತದೆ.

ಅಂದಹಾಗೆ, ಆ 80ರ ಕಥೆ ಏನಾಯಿತು? ಕಾರ್ಡು ಹೋಗಿ ಪರದೆ ಬಂದರೂ ಪರದೆಯ ಅಗಲ 80 ಅಕ್ಷರವೇ ಆಗಿ ಉಳಿದಿತ್ತು. ಪರದೆ ಗೋಡೆಯಷ್ಟು ಅಗಲವಾದಮೇಲೂ ಕೈಪಿಡಿಗಳಲ್ಲಿ 80 ಉಳಿಯಿತು. 2020ರ ಮೇ ತಿಂಗಳಲ್ಲಿ ಲಿನಕ್ಸ್ ತಂಡ, 80 ದಾಟಿದರೆ ಎಚ್ಚರಿಸುತ್ತಿದ್ದ ತನ್ನ ಪರೀಕ್ಷಕ ಸಲಕರಣೆಯ ಮಿತಿಯನ್ನು 100ಕ್ಕೆ ಏರಿಸಿತು. 1928ರ ರಟ್ಟಿನ ತುಂಡು 92 ವರ್ಷ ಆಳಿತು ಎನ್ನಬಹುದು. ಲಿನಕ್ಸಿನ ಕೈಪಿಡಿಯಲ್ಲಿ ಮಾತ್ರ 80 ಇಂದಿಗೂ ಮೆಚ್ಚಿನ ಮಿತಿಯಾಗಿಯೇ ಇದೆ.

ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದೇ ಹದಿನೈದು ಸಾಲಿನ ಪ್ರೋಗ್ರಾಮನ್ನು ಮೂವರು ಒಬ್ಬರನ್ನೊಬ್ಬರು ನೋಡದೆ ಬೇರೆ ಬೇರೆ ಗಣಕಗಳಲ್ಲಿ ಟೈಪು ಮಾಡಿ. ಮೂರನ್ನೂ ಹೋಲಿಸಿ, ಬೇರೆಯಾದ ಸಾಲುಗಳನ್ನು ಎಣಿಸಿಟ್ಟುಕೊಳ್ಳಿ. ಆಮೇಲೆ ಎಡಿಟರ್‌ಕಾನ್ಫಿಗ್ ಕಡತವನ್ನು ಇಟ್ಟು ಮತ್ತೊಮ್ಮೆ ಟೈಪು ಮಾಡಿ, ಮತ್ತೆ ಎಣಿಸಿ. ತೆರಪಿನ ವ್ಯತ್ಯಾಸ ಬಹುಮಟ್ಟಿಗೆ ಹೋಗಿರುತ್ತದೆ, ಆವರಣದ ಜಾಗ ಮಾತ್ರ ಮೂವರದೂ ಬೇರೆಯೇ ಇದ್ದೀತು. ಕೊನೆಗೆ ಮೂರನ್ನೂ ಒಂದೇ ಫಾರ್ಮ್ಯಾಟರಿಗೆ ಹಾಕಿ ತೆಗೆದು ಹೋಲಿಸಿ. ಇನ್ನೂ ಯಾವುದಾದರೂ ಸಾಲು ಬೇರೆಯಾಗಿ ಉಳಿದಿದ್ದರೆ, ನಿಮ್ಮಲ್ಲಿ ಒಬ್ಬರು ಬೇರೆ ಏನನ್ನೋ ಟೈಪು ಮಾಡಿದ್ದೀರಿ. ಆ ಸಾಲನ್ನು ಮೂವರೂ ಕೂಡಿ ಓದಿ.